ಕರಿಹಲಗೆಯ ಎಡ ಅಂಚು

ಆಗಸ್ಟ್ ಮೊದಲ ವಾರ. ಬಂದರಿನಲ್ಲಿ ಬಲೆ ಬಿಚ್ಚಿದ್ದಾರೆ.
ಎಂಟನೆಯ ಬಿ ತರಗತಿಯಲ್ಲಿ ಅರ್ಧ ಬೆಂಚು ಖಾಲಿ.
ಹಲಗೆಯ ಎಡ ಅಂಚಿಗೆ ಗೆರೆ ಎಳೆದು
ಪರೀಕ್ಷೆಗೆ ಬರುವ ಪದಗಳನ್ನು ಬರೆದಿಡುತ್ತೇನೆ,
ಅಳಿಸಬೇಡಿ ಎಂದು ಕೆಳಗೊಂದು ಚೌಕ ಕಟ್ಟಿ:
ಸಂಧಿ. ವಿಸರ್ಗ. ಪೀಠಿಕೆ. ಲಿಂಗ. ಸಂಭಾವನಾರ್ಥಕ.

ಇವರ ಮನೆಮಾತು ಕೊಂಕಣಿ. ನನ್ನದು ಘಟ್ಟದ ಮೇಲಿನ ಕನ್ನಡ.
ವರ್ಗವಾಗಿ ಬಂದು ಹನ್ನೊಂದು ವರ್ಷ;
ಕೋಡಿಬಾಗದ ಮೀನು ಮಾರುವ ಹೆಂಗಸರ ಲೆಕ್ಕದಲ್ಲಿ
ನಾನಿನ್ನೂ ಅವರ್ಗೀಯ ವ್ಯಂಜನ,
ಯರಲವಗಳೆಲ್ಲ ಮುಗಿದ ಮೇಲಿನ ಳಕಾರ.

ಸಂಧಿ ಎಂದೆ. ಎರಡು ಅಕ್ಷರ ಎಡೆಬಿಡದೆ ಕೂಡುವುದು.
ಊರು, ಅಲ್ಲಿ: ಊರಲ್ಲಿ. ಉಕಾರ ಎಲ್ಲಿ ಹೋಯಿತು? ಲೋಪ.
ಕಿಟಕಿಯಾಚೆ ಕಾಳಿ ನದಿ ಸಮುದ್ರ ಸೇರುತ್ತಿತ್ತು.
ಅನ್ವಿತ್ ಮಾಜಾಳಿಕರ್ ಕೈ ಎತ್ತಿದ:
"ಹೋಗೂದಿಲ್ಲ ಅಕ್ಕೋರೆ. ಬೇಸಿಗೇಲಿ ಉಬ್ಬರ ಬಂದ್ರೆ
ಉಪ್ಪು ನೀರು ಹಿಂದೆ ಹತ್ತಿ ನಮ್ಮ ಬಾವಿಗೇ ಬರ್ತದೆ."
ಅದು ಆಗಮ ಎಂದುಬಿಟ್ಟೆ. ತಪ್ಪೋ ಸರಿಯೋ ಗೊತ್ತಿಲ್ಲ.
ಮಾರ್ಚಿನಿಂದ ಮಳೆ ಹಿಡಿಯುವವರೆಗೆ
ಅವರ ಕೇರಿಗೆ ಟ್ಯಾಂಕರ್ ನೀರು. ಅದಕ್ಕೆ
ಪುಸ್ತಕದಲ್ಲಿ ಯಾವ ಸಂಧಿಯ ಹೆಸರೂ ಇಲ್ಲ.

ದುಃಖ ಬರೆಯಿರಿ ಎಂದರೆ ಇಪ್ಪತ್ತರಲ್ಲಿ ಹದಿನೆಂಟು ಮಂದಿ
ನಡುವಿನ ಎರಡು ಸೊನ್ನೆ ಬಿಟ್ಟರು.
ಕೆಂಪು ಶಾಯಿಯಲ್ಲಿ ನಾನೇ ಇಟ್ಟೆ, ಮೂವತ್ತಾರು ಸೊನ್ನೆ.
ಇವರ ಮಾತಿನಲ್ಲಿ ದುಃಖವೆಂದರೆ ಕಣ್ಣೀರೇ ಅಂತೆ,
ಒಳಗಿನದಕ್ಕೂ ಹೊರಗಿನದಕ್ಕೂ ಒಂದೇ ಶಬ್ದ.
"ಎರಡು ಹನಿ ಅಲ್ವಾ," ಎಂದಳು ಹಿಂದಿನ ಬೆಂಚಿನ ಯಾರೋ.
ಮರುದಿನದಿಂದ ಒಬ್ಬರೂ ಮರೆತಿಲ್ಲ.
ಈಗ ಸುಖಕ್ಕೂ ಇಡುತ್ತಾರೆ.

ಪೀಠಿಕೆ, ವಿಷಯ ವಿವರಣೆ, ಉಪಸಂಹಾರ:
ಪ್ರಬಂಧಕ್ಕೆ ಮೂರು ಅಂಗ, ಐದು ಅಂಕ.
ವಿಲ್ಸನ್ 'ನಮ್ಮ ಊರು' ಶುರು ಮಾಡಿದ್ದು ಹೀಗೆ:
"ಹೋದ ವರ್ಷ ಬಂಗಡೆ ಬರಲಿಲ್ಲ."
ಮುಗಿಸಿದ್ದು: "ತಾರ್ಲೆಯೂ ಬರಲಿಲ್ಲ."
ನಡುವೆ ಬೆರಳಗಲ ಬಿಳಿ ಜಾಗ.
ಹಚ್ಚಹಸಿರು, ಪ್ರಕೃತಿಯ ಮಡಿಲು, ಸುಂದರ, ರಮಣೀಯ,
ನಾನು ಬಾಯಿಪಾಠ ಮಾಡಿಸಿದ್ದರಲ್ಲಿ ಒಂದನ್ನೂ ಮುಟ್ಟಿಲ್ಲ.
ಒಂದೂವರೆ ಹಾಕಿದೆ. ರಾತ್ರಿ ಎರಡು ಸಲ ನೆನಪಾಯಿತು.

ಸಮೀಕ್ಷಾ ಕುರ್ಡೇಕರ್ ಬರೆದದ್ದು: "ನಮ್ಮ ಹೋಡಿ ಬಂದಳು."
ಅಚೇತನ, ನಪುಂಸಕ ಲಿಂಗ; 'ಬಂತು' ಎಂದು ತಿದ್ದಿದೆ.
ಹೋಡಿಯಲ್ಲ, ದೋಣಿ; ಅದನ್ನೂ ತಿದ್ದಿದೆ.
ಅವಳು ಮೇಜಿನ ಬಳಿ ಬಂದು ನಿಂತಳು, ಕಿವಿಯ ಹಿಂದೆ ಪೆನ್ಸಿಲ್:
"ನೂಲಹುಣ್ಣಿಮೆಗೆ ಹೂ ಮುಡಿಸ್ತೇವೆ, ಕುಂಕುಮ ಇಡ್ತೇವೆ,
ಮತ್ತೆ 'ಅದು' ಹ್ಯಾಂಗೆ ಅಕ್ಕೋರೆ?"
ನಿಯಮ, ಎಂದೆ.
ಹಾಗೆಂದಾಗ ನನ್ನ ದನಿ ನನಗೇ
ಮೀನುಗಾರಿಕೆ ಇಲಾಖೆಯ ಮೈಕಿನ ಹಾಗೆ ಕೇಳಿತು.

ಇವತ್ತು ಚೌಕದ ಕೊನೆಯ ಪದ: ಸಂಭಾವನಾರ್ಥಕ.
ಬರುತ್ತಾನೆ ಎಂದೂ ಅಲ್ಲ, ಬರುವುದಿಲ್ಲ ಎಂದೂ ಅಲ್ಲ;
ಬಂದಾನು. ಊಹೆಯೋ ಆಸೆಯೋ ಹೇಳುವವರಿಗೂ ತಿಳಿಯದು.
ಇಂಥದೊಂದು ರೂಪ ಕೊಂಕಣಿಯಲ್ಲಿದೆಯಾ, ಕೇಳಿದೆ.
ತಮ್ಮತಮ್ಮಲ್ಲೇ ಗುಸುಗುಸು. ನನಗೆ ಯಾರೂ ಹೇಳಲಿಲ್ಲ.
ಹೊರಗೆ ಗಾಳಿ ಎದ್ದು ಧ್ವಜದ ಹಗ್ಗ
ಕಂಬಕ್ಕೆ ಬಡಿಯತೊಡಗಿತ್ತು.
ಮೊನ್ನೆ ಹೊರಟ ದೋಣಿಗಳು ಅಂಜುದೀವದ ಆಚೆ ಎಲ್ಲೋ.
ಸ್ವಂತ ವಾಕ್ಯ ಒಂದು ಬರೆಯಿರಿ, ಎಂದೆ.

ಗಂಟೆ ಹೊಡೆಯಿತು. ಪುಸ್ತಕಗಳು ಮೇಜಿನ ಮೇಲೆ.
ಎಲ್ಲರದೂ ಒಂದೇ: ಮಳೆ ಬಂದೀತು, ಬಸ್ಸು ಬಂದೀತು.
ಕೊನೆಯದರಲ್ಲಿ ನನ್ನ ಕೆಂಪು 'ಬಂತು'
ರಬ್ಬರಿನಿಂದ ತಿಕ್ಕಿ ತಿಕ್ಕಿ ಹಾಳೆ ತೂತಾಗಿದೆ.
ತೂತಿನ ಕೆಳಗೆ, ಪೆನ್ಸಿಲಿನಲ್ಲಿ:
"ಹೋಡಿ ಬಂದಾಳು."

ಪ್ರತ್ಯಯ ಸರಿ. ಲಿಂಗ ತಪ್ಪು. ಅರ್ಧ ಅಂಕ.
ಪೆನ್ನಿನ ಮುಚ್ಚಳ ತೆಗೆದವಳು
ಇನ್ನೂ ಹಾಗೇ ಕೂತಿದ್ದೇನೆ.
ಶಾಯಿ ಒಣಗೀತು.