ಒಂದು ಹೆಜ್ಜೆ ಹೆಚ್ಚು

ಬೆಲೆ ಕೇಳಿ ಮೊದಲು ನಕ್ಕೆ:
ತಟ್ಟೆ ತೊಳೆಯಲು ಇಷ್ಟಾ?
ಕರುಂಬಯ್ಯ ನಗಲಿಲ್ಲ.
ಸಿಗ್ನಲ್ಸ್‌ನಲ್ಲಿ ಇಪ್ಪತ್ತೆರಡು ವರ್ಷ ಕಿವಿ ಸವೆಸಿದವನು.
ಗೋಣಿಕೊಪ್ಪದ ಅವನ ಕೋಣೆಯಲ್ಲಿ ಮೂರು ಯಂತ್ರ
ಎತ್ತರದ ಪ್ರಕಾರ ಸಾಲು ನಿಂತಿದ್ದವು.

ಗಿಡ್ಡದ್ದು ಕೈಯಲ್ಲಿ ತಿರುಗಿಸುವ ತೊಟ್ಟಿ.
ಒಳಗೆ ಎದುರುಬದುರು ಎರಡು ಬ್ರಷ್ಷು, ಆಡಿನ ಕೂದಲು.
ಕರೆಂಟು ಬೇಡ, ಸದ್ದಿಲ್ಲ,
ಸ್ಕೂಟರಿನ ಟೈರು ಬದಲಿಸುವ ದುಡ್ಡಿಗೆ ಸಿಗುತ್ತದೆ.
ಎರಡನೆಯದು ಹೀರುವುದು.
ಮೂರನೆಯದು ನೀರಿನೊಳಗೆ ಕೇಳಿಸದ ಕೂಗು ಹಾಕುವುದು,
ಗುಳ್ಳೆ ಎದ್ದು ಗುಳ್ಳೆ ಒಡೆದು
ಗೆರೆಯ ತಳದ ಕೊಳೆ ತಾನಾಗಿ ಗಂಟುಮೂಟೆ ಕಟ್ಟುವುದು.
ಅದರ ಬೆಲೆಗೆ ಹಳೇ ಜೀಪು ಬರುತ್ತದೆ, ಸ್ಟೆಪ್ನಿ ಸಮೇತ.

ನನಗೆ ಇವು ಹೊಸವಲ್ಲ.
ವಿರಾಜಪೇಟೆಯಲ್ಲಿ ಹಲ್ಲಿನ ಡಾಕ್ಟರು ನಾನು.
ಬ್ರಷ್ಷು, ಹೀರುವ ನಳಿಗೆ, ಕೇಳಿಸದ ಕೂಗು
ಮೂರನ್ನೂ ಜನರ ಬಾಯೊಳಗೆ ಇಟ್ಟವಳು.
ಕಲ್ಲುಗಟ್ಟಿದ್ದನ್ನು ಕೆರೆದು ತೆಗೆದ ಮೇಲೆ
ನಾಲಿಗೆ ಆಡಿಸಿ ಗಾಬರಿ ಬೀಳುತ್ತಾರೆ:
"ಡಾಕ್ಟ್ರೇ, ಇಲ್ಲೊಂದು ಸಂದು ಬಿತ್ತು."
ಸಂದು ಮೊದಲೇ ಇತ್ತು ಎಂದರೆ ನಂಬುವುದಿಲ್ಲ.

ಇರುವುದು ನೂರಹನ್ನೊಂದು ತಟ್ಟೆ.
ಅಪ್ಪನ ಅಣ್ಣ, ನಮ್ಮ ಬಲ್ಯಪ್ಪ ಉತ್ತಯ್ಯ ಕೊಂಡದ್ದು;
ಕವರಿನ ಮೂಲೆಯಲ್ಲಿ ಪೆನ್ಸಿಲು: ಅಂಬಾಲಾ, ಜಬಲ್ಪುರ, ಪುಣೆ.
ಎಲ್ಲದಕ್ಕೂ ಬೂಷ್ಟು.
ಆರು ಮಾತ್ರ ಅರಗಿನವು. "ಅವಕ್ಕೆ ಸ್ಪಿರಿಟ್ ಮುಟ್ಟಿಸಬೇಡ, ಕರಗುತ್ತವೆ."
ಕೊಡಗಿಗೆ ಬಂದೂ ಸ್ಪಿರಿಟ್ ಮುಟ್ಟದವು, ಪಾಪ, ಎಂದೆ.
ಅದಕ್ಕೂ ನಗಲಿಲ್ಲ.

ಒಂದು ವಾಲಗದ್ದು.
ಎರಡನೇ ಬದಿಯಲ್ಲಿ ಒಂದು ಕಡೆ
ಮುಳ್ಳು ಎಗರಿ ಹಿಂದಕ್ಕೆ ಬಿದ್ದು
ಡೋಲಿನ ಒಂದು ಪೆಟ್ಟು ಎರಡಾಗುತ್ತದೆ.
ನಾವು ಹನ್ನೆರಡು ಮಕ್ಕಳು ಕುಣಿಯಲು ಕಲಿತದ್ದು
ಆ ತಟ್ಟೆಯೆದುರು.
ಯಾರ ಮದುವೆಯೇ ಇರಲಿ, ಎಲ್ಲರೂ ತಿರುಗುವಲ್ಲಿ
ನಾವು ಒಂದು ಹೆಜ್ಜೆ ಹೆಚ್ಚು ಇಟ್ಟು, ಆಮೇಲೆ ತಿರುಗುತ್ತೇವೆ.
"ಓ, ಉತ್ತಯ್ಯನ ಮನೆಯವರು" ಎನ್ನುತ್ತಾರೆ,
ಮುಖ ನೋಡದೆ.

ತೊಟ್ಟಿಯೇ ಸಾಕು ಅಂದುಕೊಂಡಿದ್ದೆ.
ಕರುಂಬಯ್ಯ ಕಿಟಕಿಯ ಕಡೆ ಗಲ್ಲ ಎತ್ತಿದ.
ತಂತಿಯ ಮೇಲೆ ಅವನ ಸಾಕ್ಸು, ಮೂರು ದಿನದ್ದು, ಇನ್ನೂ ಹಸಿ.
"ತೊಳೆಯುವುದು ಯಾರಿಗೂ ಬರುತ್ತೆ.
ನಮ್ಮಲ್ಲಿ ಒಣಗಿಸುವುದು ಹೇಳು."

ಹೀರುವುದನ್ನೇ ತಂದೆ.
ಕಾಡು ಕಡಿಯುವ ಮಿಷಿನ್ನಿನ ಸದ್ದು;
ಬೆಕ್ಕು ಸಂಜೆಯವರೆಗೆ ಬೀರುವಿನ ಮೇಲಿಂದ ಇಳಿಯಲಿಲ್ಲ.
ವಾಲಗದ ಸರದಿ ಬಂದಾಗ ಭೂತಗನ್ನಡಿ ಹಿಡಿದೆ:
ಗೀರಲ್ಲ. ಏನೋ ಒಂದು ಹನಿ, ಒಣಗಿದ್ದು.
ಜೇನೋ, ಪಾಯಸವೋ, ಯಾವ ಮಗುವಿನ ಬೆರಳಿನದೋ.
ನನ್ನದೇ ಇರಬಹುದು.
ಗೀರಾಗಿದ್ದರೆ ಬಿಟ್ಟುಬಿಡುತ್ತಿದ್ದೆ.
ಕೊಳೆ ಕಂಡ ಮೇಲೆ ಕೈ ನಿಲ್ಲುವುದಿಲ್ಲ, ಕಸುಬಿನ ಚಾಳಿ.

ಬಾಟಲಿಯಲ್ಲಿ ತೆಳು ಚಹಾದ ಬಣ್ಣದ ನೀರು.
ಆಂಥೂರಿಯಂ ಕುಂಡಕ್ಕೆ ಸುರಿದೆ.
ಮುಳ್ಳು ಆ ಜಾಗ ದಾಟಿತು,
ಹಳ್ಳ ಮುಚ್ಚಿದ ರಸ್ತೆಯಲ್ಲಿ ಬಸ್ಸು ಹೋದ ಹಾಗೆ.
ಎತ್ತಿದ ಕಾಲು ಎಲ್ಲಿಡಬೇಕೋ ತಿಳಿಯದೆ
ಒಂಟಿ ಕಾಲಲ್ಲಿ ನಿಂತೆ, ಮನೆಯಲ್ಲಿ ಯಾರೂ ಇರಲಿಲ್ಲ, ಪುಣ್ಯ.

ಡಿಸೆಂಬರಿನಲ್ಲಿ ಅಮ್ಮತ್ತಿಯಲ್ಲಿ ಮದುವೆ.
ತೊಳೆದ ತಟ್ಟೆಯಲ್ಲಿ ಕಲಿತವಳು ತಂಗಿಯ ಮಗಳು ದೇಚು, ಏಳು ವರ್ಷ.
ಎಲ್ಲರ ಜತೆ ಸರಿಯಾಗಿ ತಿರುಗಿದಳು.
ನಾವು ಹನ್ನೊಂದು ಮಂದಿ ತಿರುಗಲಿಲ್ಲ.
ಹಿಮ್ಮಡಿಗೆ ಹಿಮ್ಮಡಿ ತಾಗಿ, ಸೊಂಟಕ್ಕೆ ಕೈಯಿಟ್ಟು,
"ಬಲ್ಯವ್ವಾ, ಕಾಲು ನೋಡಿಕೊಂಡು!" ಅಂದಳು.
ಡೋಲಿನವನು ಕೋಲೆತ್ತಿ ಅವಳನ್ನು ನೋಡಿದ, ನಮ್ಮನ್ನು ನೋಡಿದ,
ಯಾರ ಲೆಕ್ಕಕ್ಕೆ ಬಡಿಯಲಿ ಎಂಬಂತೆ.