ಹದಿನೆಂಟು ಹಲ್ಲು

ನನ್ನ ಕಸುಬು ಹಲ್ಲಿನದು.
ವೈದ್ಯೆಯಲ್ಲ. ವೈದ್ಯರು ಅಚ್ಚು ಕಳಿಸುತ್ತಾರೆ,
ಯಾರದೋ ಬಾಯಿ, ಹೆಸರಿಲ್ಲ, ಚೀಟಿಯಲ್ಲಿ ಬರೀ ಸಂಖ್ಯೆ.
ಜಿಪ್ಸಮ್ ಕಲಸಿ ಹುಯ್ಯುತ್ತೇನೆ, ಮೇಣ ತಿದ್ದುತ್ತೇನೆ.
ಮೂವತ್ತೊಂದು ವರ್ಷವಾಯಿತು,
ಪ್ಲೊವ್ದಿವ್‌ನ ಎಷ್ಟೋ ಜನ
ನಾನು ಉಜ್ಜಿ ಕೊಟ್ಟದ್ದರಲ್ಲಿ ನಗುತ್ತಾರೆ.
ಬಸ್ಸಿನಲ್ಲಿ ಗುರುತು ಹಿಡಿಯುತ್ತೇನೆ.
ಹೇಳುವುದಿಲ್ಲ.

ಮನೆಗೆ ಬಂದು ಮಾಡುವುದೂ ಹಲ್ಲೇ.
ಅಪ್ಪನ ಗರಗಸ, ತನ್ನ ಹಲ್ಲೆಲ್ಲ ಸವೆಸಿಕೊಂಡು
ಬೊಚ್ಚುಬಾಯಾಗಿ ಮೂಲೆ ಹಿಡಿದಿತ್ತು.
ಅದರ ಬೆನ್ನಿನ ಕಡೆ ಸೀಳಿ ಸೀಳಿ
ಹದಿನೆಂಟು ಹೊಸವು ಬರಿಸಿದೆ,
ಬಾಚಣಿಗೆಯ ಹಾಗೆ, ಉದ್ದದಿಂದ ಗಿಡ್ಡಕ್ಕೆ.
ಹಿತ್ತಾಳೆ ಕೊಳವೆಗೆ ಮುಳ್ಳು ನೆಟ್ಟೆ
(ಮಕ್ಕಳ ವಕ್ರ ಹಲ್ಲಿಗೆ ಕಟ್ಟುವ ತಂತಿಯ ಚೂರು,
ಕೇಳಿದರೆ ಕಸದ ಬುಟ್ಟಿಯದು ಅನ್ನುತ್ತೇನೆ).
ತಿರುಗಿಸಲು ಕಾಫಿ ಬೀಸುವ ಗಿರಣಿಯ ಹಿಡಿ.
ತಿರುಗಿಸಿದರೆ ಮುಳ್ಳು ಹಲ್ಲನ್ನು ಮೀಟಬೇಕು,
ಹಲ್ಲು ಹಾಡಬೇಕು.

"ಅಂಗಡಿಯಲ್ಲಿ ಸಿಗುತ್ತದಲ್ಲೇ,
ಮುಚ್ಚಳ ತೆಗೆದರೆ ಗೊಂಬೆಯೂ ಕುಣಿಯುತ್ತದೆ"
ಅಂದಳು ಅಕ್ಕ ಗಿನ್ಕಾ.
ಸಿಗುತ್ತದೆ.
ನನಗೆ ಬೇಕಾದದ್ದು ಸಿಗುವುದಿಲ್ಲ.
ಅದು ಹಾಡೇ ಅಲ್ಲ, ಒಂದು ಕೂಗು,
ಒಂಬತ್ತು ಸ್ವರ:
ಮೊಸರಿನ ಮನೋಲ್ ನಸುಕಿನಲ್ಲಿ
ನಮ್ಮ ಓಣಿಗೆ ತಿರುಗುವಾಗ ಕೂಗುತ್ತಿದ್ದದ್ದು.
ನನಗೆ ಆಗ ಆರು ವರ್ಷ, ಕಂಬಳಿಯೊಳಗೆ ಕಿವಿ ಮಾತ್ರ ಹೊರಗೆ.

ಸೆಪ್ಟೆಂಬರ್. ಬಾಲ್ಕನಿ ಬಾಲ್ಕನಿಯಲ್ಲೂ
ಕೆಂಪು ದೊಣ್ಣೆಮೆಣಸು ಸುಡುವ ಘಾಟು.
ಓಣಿಗೆ ಓಣಿಯೇ ಚಳಿಗಾಲಕ್ಕೆ ಶೀಶೆ ತುಂಬುವಾಗ
ನಾನು ಅಡಿಗೆಮನೆ ಮೇಜಿನ ಮೇಲೆ
ಕಬ್ಬಿಣದ ಪುಡಿ ಗುಡಿಸುತ್ತೇನೆ.

ಶ್ರುತಿ ಹೇಳಿಕೊಟ್ಟವನು ಕೆಳಮನೆಯ ರಾಂಗೆಲ್,
ಅಕಾರ್ಡಿಯನ್ ರಿಪೇರಿಯವನು:
"ತುದಿ ಉಜ್ಜಿದರೆ ಏರುತ್ತದೆ,
ಬುಡ ಉಜ್ಜಿದರೆ ಇಳಿಯುತ್ತದೆ.
ಜಾಸ್ತಿ ಉಜ್ಜಿದರೆ ದೇವರೇ ಗತಿ."
ಏಳನೆಯದು ಗುರುವಾರ ರಾತ್ರಿ ಮುರಿಯಿತು.
ನಾನು ಅಳಲಿಲ್ಲ. ಬೆಸುಗೆ ಹಾಕಿ
ಕಿರೀಟ ತೊಡಿಸಿದೆ, ಅಭ್ಯಾಸಬಲ.
ಈಗ ಉಳಿದವಕ್ಕಿಂತ ಅದೇ ಸ್ಪಷ್ಟ.

ಭಾನುವಾರ ಮುಗಿಯಿತು.
ತಿರುಗಿಸಿದೆ. ಒಂಬತ್ತೂ ಬಂದವು,
ನೀರಲ್ಲಿ ಅದ್ದಿ ತೆಗೆದಷ್ಟು ಶುದ್ಧ.
ಕೆಳಗಿನಿಂದ ರಾಂಗೆಲ್ ಪೊರಕೆಯ ಹಿಡಿಯಿಂದ
ತನ್ನ ಸೂರಿಗೆ ಎರಡು ಸಲ ಕುಟ್ಟಿದ,
ಅವನ ಭಾಷೆಯಲ್ಲಿ ಅದು ಶಭಾಷ್.

ಎದುರು ಬಾಗಿಲ ಮಿನ್ಕಾ ಅಜ್ಜಿಯನ್ನು ಕರೆದೆ.
ಎಂಬತ್ತಾರು. ಮೇಲುಸಾಲು ನನ್ನ ಕೈಯದು,
ಕೆಳಸಾಲು ಇನ್ನಾರದೋ, ಒರಟು ಕೆಲಸ.
ಹುರಿಗಡಲೆಯ ಪೊಟ್ಟಣ ತಂದಿದ್ದಳು.
ಹಲ್ಲೂ ಇದೆ, ಕಡಲೆಯೂ ಇದೆ,
ಇಂಥ ಮಧ್ಯಾಹ್ನ ಎಷ್ಟು ಜನಕ್ಕೆ.

ಕೇಳಿದಳು. ಮತ್ತೆ ತಿರುಗಿಸೆಂದಳು. ಅಗಿಯುತ್ತಲೇ
"ಯಾರಿದು?" ಅಂದಳು.
ಮನೋಲ್, ಅಜ್ಜಿ. ಮೊಸರಿನ ಮನೋಲ್.
"ಥೂ, ಮನೋಲ್ ಎಲ್ಲಿ ಹೀಗೆ ಕೂಗುತ್ತಿದ್ದ!
ಗಾಡಿ ತಳ್ಳುತ್ತ ರೈಲುಹಳಿ ದಾಟುವಾಗ ಏದುತ್ತಿದ್ದ,
ಐದನೆಯದು ಕುಸಿದೇ ಹೋಗುತ್ತಿತ್ತು.
ನಿನ್ನದು ಇಗರ್ಜಿಯ ಹುಡುಗರ ಥರ.
ಮೊಸರಿಗೆ ನೀರೂ ಬೆರೆಸುತ್ತಿದ್ದ,
ಅದನ್ನೂ ಹಾಕು."

ನಾನು ಆ ಕೂಗನ್ನು ಐವತ್ತು ವರ್ಷ
ಕಂಬಳಿಯಲ್ಲಿ ಸುತ್ತಿ ಇಟ್ಟಿದ್ದೆ.
ಒಳಗೇ ಉಜ್ಜಿ ಉಜ್ಜಿ
ಅದಕ್ಕೆ ನಾನೇ ಹೊಳಪು ಕೊಟ್ಟಿರಬೇಕು.
ಕಸುಬು ಎಲ್ಲಿ ಬಿಡುತ್ತದೆ.

ಅರ ತೆಗೆದೆ.
ಐದನೆಯ ಹಲ್ಲು, ಬುಡದಲ್ಲಿ, ಮೂರೇ ಎಳೆತ.
ತಿರುಗಿಸಿದೆ.
ಕೆಳಗಿನಿಂದ ಕಿಟಕಿ ತೆರೆದ ಸದ್ದು,
"ಹಾಳಾಯ್ತಲ್ಲೇ! ಐದನೆಯದು ಬಿತ್ತು!"
ಗೊತ್ತು, ರಾಂಗೆಲ್.

ಮಿನ್ಕಾ ಅಜ್ಜಿ ಇನ್ನೊಂದು ಕಡಲೆ ಬಾಯಿಗೆ ಹಾಕಿಕೊಂಡು
ತಲೆ ಓರೆ ಮಾಡಿ ಕೇಳಿದಳು,
"ಇನ್ನೊಂಚೂರು."