ಸಕ್ಕರೆ ಪುಸ್ತಕ

ಡಾಕ್ಟರು ಹೇಳಿದ್ದು ಇಷ್ಟೇ: ದಿನಕ್ಕೆ ನಲ್ವತ್ತು ನಿಮಿಷ,
ಕೈ ಬೀಸಿ, ಎಲ್ಲೂ ನಿಲ್ಲದೆ.
ಪೆರ್ಲದ ಈ ಪಾದೆಯಲ್ಲಿ
ನಿಲ್ಲದೆ ನಡೆಯುವುದು ಆಗುವ ಮಾತೆ?

ಕಿಸೆಯಲ್ಲಿ ಸಕ್ಕರೆ ಬರೆಯುವ ಪುಸ್ತಕ.
ಎಡಗಡೆ ತಾರೀಕು, ಬಲಗಡೆ ಅಂಕೆ.
ಮಕರ ಕಳೆದ ಮೇಲೆ ಯಾಕೋ
ಬಲಗಡೆ ಬೇರೇನೋ ಬರೆಯತೊಡಗಿದೆ.

‘ಮಂಗಳವಾರ. ಮುಳಿಹುಲ್ಲು ಬುಡದವರೆಗೆ ಒಣಗಿದೆ.
ಇಬ್ಬನಿ ಜೇಡನ ಬಲೆಯಲ್ಲಿ ಮಾತ್ರ,
ಏಳೂವರೆಗೆ ಅದೂ ಇಲ್ಲ.’
‘ಗುರುವಾರ. ಐಸಾಬಿಯ ಗುಡ್ಡೆಯಲ್ಲಿ ಗೇರು ಹೂಬಿಟ್ಟಿದೆ.
ಪರಿಮಳ ಮೊದಲು ಬಂತು, ಮರ ಆಮೇಲೆ.
ಚಗಳಿ ಇರುವೆ, ಕಾಲರಿನೊಳಗೆ.’

ಸುರಂಗದ ಬಾಯಿಗೆ ಕಿವಿಕೊಟ್ಟೆ ಒಂದು ದಿನ.
ದೀಪಾವಳಿಗೆ ನೂಲಾಗಿ ಇಳಿಯುತ್ತಿದ್ದ ನೀರು
ಈಗ ಎಣಿಕೆಗೆ ಸಿಗುತ್ತದೆ:
ಒಂದು ಹನಿ, ನನ್ನ ಎರಡು ಉಸಿರು, ಇನ್ನೊಂದು ಹನಿ.
ಒಳಗಿನ ಕತ್ತಲೆ ಮಾತ್ರ ಇನ್ನೂ ಆಟಿ ತಿಂಗಳಿನದೇ,
ಕಪ್ಪೆಯ ವಾಸನೆ ಅದಕ್ಕೆ.

ಪಳ್ಳ ಬತ್ತಿ ನಡುವೆ ಒಂದು ಹರಿವಾಣದಷ್ಟು ನೀರು.
ಸುತ್ತ ಕೆಸರಿನಲ್ಲಿ ಎಲ್ಲರ ರುಜು:
ನರಿಯದ್ದು, ನವಿಲಿನದ್ದು,
ಯಾರದೋ ಹಿಮ್ಮಡಿ ಸವೆದ ಹವಾಯಿ ಚಪ್ಪಲಿಯದ್ದು.
(ನನ್ನದೇ ಇರಬೇಕು.)

ಆಮೇಲೆ, ಕಲ್ಲುಕೋರೆಗೆ ಹೋಗುವ ಲಾರಿದಾರಿಯ ಪಕ್ಕ,
ಪಕ್ಕವೂ ಅಲ್ಲ, ದಾರಿಯಲ್ಲೇ,
ನಾಲ್ಕು ಕಲ್ಲು.
ಕಲ್ಲಲ್ಲ, ಮೊಟ್ಟೆ.
ಚೂಪು ತುದಿಗಳನ್ನು ಒಳಗೆ ಮಾಡಿ
ಮುರಕಲ್ಲ ಹರಳಿನ ನಡುವೆ ಹರಳಾಗಿ ಕೂತಿದ್ದವು.
ಟಿಟ್ಟಿಭ ತಲೆಯ ಮೇಲೆ ಸುತ್ತುತ್ತ ಬೈಯಿತು,
ನನ್ನ ಹಿರಿಯರನ್ನೂ ಸೇರಿಸಿ.

ಲಾರಿಯ ಕುಞಂಬುಗೆ ನನ್ನ ಅರ್ಧ ಮಲಯಾಳದಲ್ಲಿ ಹೇಳಿದೆ.
ಹಕ್ಕಿಯ ಹೆಸರು ಬರಲಿಲ್ಲ, ಕೂಗಿ ತೋರಿಸಿದೆ.
ಅರುವತ್ತನಾಲ್ಕರ ಮುದುಕ, ನಡುಹಾದಿಯಲ್ಲಿ!
ಅವನು ನಗಲಿಲ್ಲ. ಬೀಡಿ ಆರಿಸಿ
‘ಎಷ್ಟುಂಟು?’ ಎಂದ, ಕನ್ನಡದಲ್ಲೇ.
ನಾಲ್ಕು ಬೆರಳು ಎತ್ತಿದೆ.

ಎರಡು ದಿನ ಜ್ವರ. ಪುಸ್ತಕ ಖಾಲಿ.
ಮೂರನೆಯ ಬೆಳಗು ಹೋಗಿ ನೋಡಿದರೆ
ಕೆಂಪು ಧೂಳಿನಲ್ಲಿ ಚಕ್ರದ ಗುರುತು ನೇರ ಬಂದು
ಅಲ್ಲಿ ಮಾತ್ರ ಬಸುರಿಯ ಹಾಗೆ ಹೊರಗೆ ಬಾಗಿ
ಮತ್ತೆ ನೇರ.
ಲೋಡಿನ ಲಾರಿ ಪೊದೆಯನ್ನು ಒರೆಸಿಕೊಂಡು ಹೋಗಿತ್ತು.
ಮುರಿದ ಕೇಪಳದ ಗೆಲ್ಲಿನಲ್ಲಿ
ಹೂವಿಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ.

ಮೊಟ್ಟೆ ಮೂರೇ ಇದ್ದವು.
ಕೀರಿಯೋ, ಕಾಗೆಯೋ, ಯಾರ ಲೆಕ್ಕಕ್ಕೆ ಹೋಯಿತೋ.
ಬೈಗುಳ ಮಾತ್ರ ಒಂದಿಷ್ಟೂ ಕಡಿಮೆಯಾಗಿರಲಿಲ್ಲ.
ಬರೆದೆ: ‘ಭಾನುವಾರ. ಮೂರು.’

ತಿಂಗಳ ತಪಾಸಣೆಗೆ ಹೋದಾಗ
ಡಾಕ್ಟರು ಪುಟ ತಿರುವಿ, ಕನ್ನಡಕ ಮೇಲೆ ಸರಿಸಿ,
‘ಈ ಮೂರು ಎಂತದ್ದು?’ ಎಂದು ಕೇಳಿದರು.
ಹೇಳಲು ಬಾಯಿ ತೆರೆದೆ.
ಕಿಟಿಕಿಯ ಆಚೆ ಅವರ ಬಿಳಿ ಕಾರಿನ ಮೇಲೆ
ಮಾವಿನ ಹೂ ಉದುರಿ ಅಂಟುತ್ತಿತ್ತು,
ಬೆಳಗಿನಿಂದಲೇ ಇರಬೇಕು.
ಅವರಿನ್ನೂ ನೋಡಿರಲಿಲ್ಲ.